ತೆಂಗಿನ ನುಸಿ: ಸಿಂಪಡಿಸುವ ಮುನ್ನ ಕಾಲು ಎಣಿಸಿ

ಬಿಳಿಗೆರೆ ಸುತ್ತಿನ ತೋಟಗಳಲ್ಲಿ ಕಾಯಿಯ ತೊಟ್ಟಿನ ಕೆಳಗೆ ಕಂದು ಕಲೆ ಕಂಡೊಡನೆ ‘ನುಸಿರೋಗ’ ಎನ್ನುವುದು ವಾಡಿಕೆ. ಇದು ರೋಗವಲ್ಲ. ಜೇಡನ ಬಳಗಕ್ಕೆ ಸೇರಿದ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಯ ಹಾವಳಿ. ನುಸಿ ಹತ್ತಿದ ಕಾಯಿ ಸೀಳುತ್ತದೆ, ಅಂಟು ಸೋರಿಸುತ್ತದೆ, ಗಾತ್ರದಲ್ಲಿ ಕುಗ್ಗುತ್ತದೆ. ಮಟ್ಟೆ ಗಟ್ಟಿಯಾಗಿ ಸುಲಿಯುವವರ ಕೈ ಸೋಲುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯ್ದು ಒಡೆದರೂ ಉಂಡೆ ಕೊಬ್ಬರಿ ಸಣ್ಣದೇ. ತಿಪಟೂರಿನ ಮಾರುಕಟ್ಟೆಯಲ್ಲಿ ಅದಕ್ಕೆ ಸಿಗುವ ಬೆಲೆ ಎಷ್ಟೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ.

ಮೆಕ್ಸಿಕೋ ದೇಶದ ಗೆರೆರೋ ಪ್ರಾಂತದ ಮಾದರಿಯಿಂದ ಕೀಫರ್ ಎಂಬ ವಿಜ್ಞಾನಿ 1965ರಲ್ಲಿ ಇದನ್ನು ವಿವರಿಸಿ ‘ಅಸೇರಿಯ ಗೆರೆರೋನಿಸ್’ ಎಂದು ಹೆಸರಿಟ್ಟರು. ನಮ್ಮ ದೇಶದಲ್ಲಿ 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಮೊದಲು ಕಂಡುಬಂದು, ಬಹುಬೇಗ ಕರ್ನಾಟಕಕ್ಕೂ ಹರಡಿತು. ಈ ಗುಂಪಿನ ಭಾರತೀಯ ನುಸಿಗಳ ಕುರಿತು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ಜಿ.ಪಿ. ಚನ್ನಬಸವಣ್ಣನವರು 1966ರಲ್ಲೇ ಗ್ರಂಥ ಪ್ರಕಟಿಸಿದ್ದರು. ಪೀಡೆ ಬರುವುದಕ್ಕೆ ಮೂರು ದಶಕ ಮೊದಲೇ ಅದರ ಬಳಗವನ್ನು ಗುರುತಿಸುವ ವಿದ್ಯೆ ನಮ್ಮಲ್ಲಿತ್ತು.

ಪರೀಕ್ಷೆಗೆ ಯಾವ ಕಾಯಿ ತೆಗೆಯಬೇಕು? ಇಲ್ಲಿಯೇ ಹೆಚ್ಚಿನವರು ತಪ್ಪುವುದು. ಬಲಿತ ಕಾಯಿಯ ಕಂದು ಕಲೆ ಹಳೆಯ ಗಾಯದ ಗುರುತು. ಅಲ್ಲಿ ನುಸಿ ಇರದೆಯೂ ಇರಬಹುದು. ಫಲ ಕಟ್ಟದ ಹರಳಿನಲ್ಲಿಯೂ ಸಾಮಾನ್ಯವಾಗಿ ಸಿಗದು. ಹೊಸದಾಗಿ ಬಿಚ್ಚಿದ ಹೊಂಬಾಳೆಯಿಂದ ಕೆಳಕ್ಕೆ ಎಣಿಸಿ 4ನೆಯ ಅಥವಾ 5ನೆಯ ಗೊನೆಯ ಕಾಯಿ ಕೀಳಿ. ತೊಟ್ಟಿನ ಅಂಚಿನಿಂದ ಇಳಿದ ಬಿಳಿ-ಹಳದಿ ತ್ರಿಕೋನಾಕಾರದ ಮಚ್ಚೆ ಇದ್ದರೆ ಒಳ್ಳೆಯದು. ಉದುರಿ ಬಿದ್ದದ್ದು ಬೇಡ. ಪಾಲಿಥೀನ್ ಚೀಲದಲ್ಲಿ ಹಾಕಿ ಅದೇ ದಿನ ನೋಡಬೇಕು.

ತೊಟ್ಟಿನಲ್ಲಿ ಒಂದರ ಮೇಲೊಂದು ಕವುಚಿದ ಆರು ಎಸಳುಗಳಿರುತ್ತವೆ. ಚೂಪಾದ ಚಾಕುವಿನಿಂದ ಒಂದೊಂದಾಗಿ ಎಬ್ಬಿಸಿ, ಎಸಳಿನ ಒಳಮೈಯನ್ನೂ ಅದು ಮುಚ್ಚಿದ್ದ ಕಾಯಿಯ ಎಳೆಯ ಭಾಗವನ್ನೂ ಭೂತಗನ್ನಡಿಯಿಂದ ನೋಡಿ. ಹತ್ತು ಪಟ್ಟಿನ ಗಾಜಿನಲ್ಲಿ ಬಿಳಿ ಹುಡಿ ಚೆಲ್ಲಿದಂತೆ ಮಾತ್ರ ಕಾಣುತ್ತದೆ. ಒದ್ದೆ ಕುಂಚದ ತುದಿಯಿಂದ ಆ ಹುಡಿಯನ್ನು ಸ್ಲೈಡಿನ ಮೇಲಿನ ನೀರಿನ ಹನಿಗೆ ಬಿಟ್ಟು, ತೆಳು ಗಾಜು ಮುಚ್ಚಿ, ಸೂಕ್ಷ್ಮದರ್ಶಕದಲ್ಲಿ ನೂರು ಪಟ್ಟು ಹಿಗ್ಗಿಸಿ ನೋಡಬೇಕು. ನಾರಿನ ಚೂರುಗಳನ್ನು ನುಸಿಯೆಂದು ಬಗೆಯುವುದುಂಟು. ನಾರಿಗೆ ಕಾಲಿಲ್ಲ.

ತೆಂಗಿನ ನುಸಿಯ ದೇಹ ಹುಳುವಿನಂತೆ ನೀಳ, ಮಾಸಲು ಬಿಳುಪು. ಉದ್ದ 0.20ರಿಂದ 0.25 ಮಿ.ಮೀ.; ನಾಲ್ಕೈದನ್ನು ತುದಿಗೆ ತುದಿ ಜೋಡಿಸಿದರೆ ಒಂದು ಮಿ.ಮೀ. ಆದೀತು. ತಲೆಯ ಬಳಿ ಎರಡೇ ಜೊತೆ ಕಾಲು; ಹಿಂದೆ ಮೈಯೆಲ್ಲ ಒತ್ತೊತ್ತಾದ ಉಂಗುರ ಗೆರೆ. ಇನ್ನೂ ಹಿಗ್ಗಿಸಿದರೆ ಪಾದದ ತುದಿಯಲ್ಲಿ ಗರಿಯಂಥ ಉಗುರು ತೋರುತ್ತದೆ. ಬಾಲದ ತುದಿಯಿಂದ ಅಂಟಿಕೊಂಡು ಎದ್ದು ನಿಲ್ಲಬಲ್ಲದು. ಗಾಳಿಯಲ್ಲಿ ತೇಲಿಹೋಗುವುದು ಹೀಗೆಯೇ. ಮೊಟ್ಟೆಯಿಂದ ಪ್ರೌಢಾವಸ್ಥೆಗೆ 7ರಿಂದ 10 ದಿನ ಸಾಕು. ಮರಿಗೂ ನಾಲ್ಕೇ ಕಾಲು ಎಂಬುದನ್ನು ಮರೆಯಬಾರದು.

ಅದೇ ಎಸಳಿನಡಿಯಲ್ಲಿ ಇನ್ನೊಂದು ಜೀವಿ ಚುರುಕಾಗಿ ಓಡಾಡುತ್ತಿರಬಹುದು. ನುಸಿಗಿಂತ ದೊಡ್ಡದು, ಚಪ್ಪಟೆ, ನುಣುಪು ಮೈ, ನಾಲ್ಕು ಜೊತೆ ಕಾಲು. ಇದು ‘ನಿಯೋಸೀಯುಲಸ್’ ಜಾತಿಯ ಪರಭಕ್ಷಕ ನುಸಿ. ತೆಂಗಿನ ನುಸಿಯನ್ನು ಹಿಡಿದು ಹೀರುವ ನಮ್ಮ ನಂಟ. ಆಗತಾನೆ ಒಡೆದ ಇದರ ಮರಿಗೆ ಮೂರು ಜೊತೆ ಕಾಲು. ಆರು ಕಾಲು ಕಂಡರೂ ಅದು ತೆಂಗಿನ ನುಸಿಯಲ್ಲ. ಎಂಟು ಕಾಲಿನದೆಲ್ಲ ಪರಭಕ್ಷಕವೂ ಅಲ್ಲ. ಹಿಂಗಾಲಿನ ಜೊತೆ ಎಳೆದಾರದಂತೆ ತೆಳುವಾಗಿದ್ದರೆ ಅದು ಬೇರೆ ಕುಟುಂಬದ್ದು. ಜಾತಿಯನ್ನು ಖಚಿತವಾಗಿ ಹೇಳುವ ಕೆಲಸವನ್ನು ತಜ್ಞರಿಗೆ ಬಿಡುವುದು ಲೇಸು.

ಇಷ್ಟು ಶ್ರಮ ಏಕೆಂದರೆ, ಕಲೆ ಕಂಡ ಮರಕ್ಕೆಲ್ಲ ಕಡು ವಿಷ ಹೊಡೆದರೆ ಮೊದಲು ಸಾಯುವುದು ಹೊರಗೆ ಓಡಾಡುವ ನಂಟನೇ. ಎಸಳಿನಡಿ ಅವಿತ ನುಸಿಗೆ ಔಷಧಿ ಸುಲಭವಾಗಿ ತಾಗದು. ಹಲವು ಕಾಯಿಗಳಲ್ಲಿ ಪರಭಕ್ಷಕಗಳು ಕಂಡ ಮರವನ್ನು ಕೆಲಕಾಲ ಹಾಗೆಯೇ ಬಿಟ್ಟು, ತಿಂಗಳ ನಂತರ ಮುಂದಿನ ಗೊನೆಯನ್ನು ನೋಡುವುದು ನಮ್ಮ ಸಲಹೆ. ನಾಲ್ಕು ಕಾಲಿನವೇ ತುಂಬಿದ್ದರೆ ಲೀಟರ್ ನೀರಿಗೆ 20 ಮಿ.ಲೀ. ಬೇವಿನ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, 5 ಗ್ರಾಂ ಸಾಬೂನು ಕದಡಿ, ಎಳೆಯ ಗೊನೆಗಳ ತೊಟ್ಟಿಗೆ ತಾಗುವಂತೆ ಸಿಂಪಡಿಸಬೇಕು. ಡಿಸೆಂಬರ್–ಫೆಬ್ರವರಿ, ಏಪ್ರಿಲ್–ಜೂನ್, ಸೆಪ್ಟೆಂಬರ್–ಅಕ್ಟೋಬರ್ ಹೀಗೆ ವರ್ಷಕ್ಕೆ ಮೂರು ಸಲ.

ಸೂಕ್ಷ್ಮದರ್ಶಕ ಇಲ್ಲದವರು ಎಳೆಗಾಯಿಗಳನ್ನು ಎಸಳು ಬಿಚ್ಚದೆ, ಮರದ ಗುರುತು ಬರೆದ ಚೀಟಿಯೊಡನೆ ತಿಪಟೂರು ಬಳಿಯ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬಹುದು.