ಬಾವಿಯ ಎಂಜಿನ್ ದೋಣಿ ಏರಿದರೆ ಲೆಕ್ಕ ಯಾವ ಖಾತೆಗೆ?

ಪ್ರಥಮ ಪಿಯುಸಿ ಅಕೌಂಟೆನ್ಸಿಯಲ್ಲಿ ಸವಕಳಿಯ ಪಾಠವಿದೆ. ಅಲ್ಲಿಯ ಎಷ್ಟೋ ಲೆಕ್ಕಗಳು ಒಂದೇ ರೀತಿ ಶುರುವಾಗುತ್ತವೆ: ಒಂದು ಸಂಸ್ಥೆ ಹಳೆಯ ಯಂತ್ರವನ್ನು ಇಷ್ಟು ರೂಪಾಯಿಗೆ ಕೊಂಡಿತು, ದುರಸ್ತಿಗೆ ಇಷ್ಟು, ಜೋಡಣೆಗೆ ಇಷ್ಟು ಖರ್ಚು ಮಾಡಿತು. ಯಾವ ಯಂತ್ರ, ದುರಸ್ತಿ ಎಂದರೆ ಏನು ಮಾಡಿದರು ಎಂದು ಪುಸ್ತಕ ಹೇಳುವುದಿಲ್ಲ. ಈ ವರ್ಷ ಅರಕೇರಿಯಲ್ಲಿ ನಮ್ಮ ಮಾಮೂ ತಮ್ಮ ಬಾವಿಯ ಹಳೆಯ ಡೀಸೆಲ್ ಎಂಜಿನ್ ಮಾರಿದರು. ಕೊಂಡವರು ಕೊಲ್ಹಾರದ ಕಡೆಯ ಒಬ್ಬ ಮೀನುಗಾರರು. ಆಲಮಟ್ಟಿ ಹಿನ್ನೀರಿನಲ್ಲಿ ಓಡಿಸುವ ಮರದ ದೊಡ್ಡ ದೋಣಿಗೆ ಅದನ್ನು ಕೂಡಿಸಬೇಕೆಂಬುದು ಅವರ ಆಲೋಚನೆ. ಪುಸ್ತಕದ ಲೆಕ್ಕವನ್ನು ಈ ಎಂಜಿನ್ ಇಟ್ಟುಕೊಂಡು ಬಿಡಿಸಿದರೆ ಬೇಗ ತಿಳಿಯುತ್ತದೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಕಲಾ, ವಿಜ್ಞಾನ ವಿಭಾಗದವರೂ ಓದಬಹುದು.

ಇದು ಲಿಸ್ಟರ್ ಮಾದರಿಯ ಎಂಜಿನ್. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ 1930ರ ಸುಮಾರಿಗೆ ಇಂಥ ನಿಧಾನಗತಿಯ ಎಂಜಿನ್ ತಯಾರಿಸಲು ತೊಡಗಿತು. ಮುಂದೆ ಗುಜರಾತಿನ ರಾಜಕೋಟದ ಕಾರ್ಖಾನೆಗಳು ಅದೇ ನಮೂನೆಯಲ್ಲಿ ಮಾಡಿ ಮಾರಿದವು. ನಮ್ಮ ನಾನಿ ಮಾತ್ರ ಯಾವ ಎಂಜಿನ್ ಕಂಡರೂ ‘ಕಿರ್ಲೋಸ್ಕರ’ ಅನ್ನುತ್ತಾರೆ. ಅದಕ್ಕೂ ಕಾರಣವಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲಿನವರೆಗೆ ಬಂದವರು. ಅವರ ಮನೆತನದ ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಆರಂಭವಾಯಿತು.

ಮಾಮೂ ಅವರ ಎಂಜಿನ್ 6 ಎಚ್‌ಪಿಯದು. ನಿಮಿಷಕ್ಕೆ 650 ಸುತ್ತು ಮಾತ್ರ ತಿರುಗುತ್ತದೆ. ಆಮೇಲೆ ಬಂದ 5 ಎಚ್‌ಪಿಯ ಸಣ್ಣ ಎಂಜಿನ್‌ಗಳು 1500 ಸುತ್ತು ತಿರುಗುತ್ತವೆ. ಸುತ್ತು ಕಡಿಮೆ ಇದ್ದಷ್ಟು ತಿಕ್ಕಾಟ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಎರಡು ದೊಡ್ಡ ಗಾಲಿ ಸೇರಿ ತೂಕ ಮುನ್ನೂರು ಕಿಲೋ ದಾಟುತ್ತದೆ.

ಸವಕಳಿಗೆ ಕಾರಣಗಳನ್ನು ಬರೆಯಿರಿ ಎಂದರೆ ನಾವೆಲ್ಲ ಮೊದಲು ‘ಬಳಕೆಯಿಂದ ಸವೆಯುವುದು’ ಎಂದು ಬರೆಯುತ್ತೇವೆ. ಈ ಎಂಜಿನ್ ಮೂಲೆಗೆ ಬಿದ್ದದ್ದು ಸವೆದು ಅಲ್ಲ. ಹತ್ತು ಎಚ್‌ಪಿವರೆಗಿನ ರೈತರ ಪಂಪ್‌ಸೆಟ್‌ಗೆ ಸರಕಾರ ಉಚಿತ ಕರೆಂಟ್ ಕೊಡುವಾಗ ಡೀಸೆಲ್ ಸುಟ್ಟು ನೀರೆತ್ತುವವರು ಯಾರು? ಮೋಟರ್ ಬಂತು, ಎಂಜಿನ್ ತಗಡಿನ ಕೆಳಗೆ ಹೋಯಿತು. ಯಂತ್ರ ಚೆನ್ನಾಗಿಯೇ ಇದ್ದು ಕಾಲ ಬದಲಾದದ್ದರಿಂದ ಬೆಲೆ ಕಳೆದುಕೊಳ್ಳುವುದು, ಅಂದರೆ ಬಳಕೆ ತಪ್ಪುವುದು, ಪಾಠದ ಇನ್ನೊಂದು ಕಾರಣ. ಗುಜರಿಯವರು ಬಂದು ಇದನ್ನು ಕಿಲೋ ಲೆಕ್ಕದಲ್ಲಿ ಕೇಳಿದ್ದರು. ಮೀನುಗಾರರು ಕೇಳಿದ್ದು ಎಂಜಿನ್ ಲೆಕ್ಕದಲ್ಲಿ.

ಕೊಡುವ ಮೊದಲು ಅದು ನಡೆಯುತ್ತದೆಯೇ ಎಂದು ನೋಡಬೇಕಿತ್ತು. ಮಿಸ್ತ್ರಿ ಮೊದಲು ಹ್ಯಾಂಡಲ್ ತಿರುವಲೇ ಇಲ್ಲ. ವರ್ಷಗಟ್ಟಲೆ ನಿಂತಿದ್ದರಿಂದ ಪಿಸ್ಟನ್ ಲೈನರ್‌ಗೆ ಹಿಡಿದುಕೊಂಡಿತ್ತು. ಹೆಡ್ ಬಿಚ್ಚಿ, ಮೇಲಿಂದ ಸೀಮೆಎಣ್ಣೆ ಸುರಿದು ಎರಡು ದಿನ ಬಿಟ್ಟರು. “ತಮ್ಮಾ, ಸುತ್ತಿಗಿ ಹಚ್ಚಿದ್ರ ಹತ್ತು ನಿಮಿಷದಾಗ ಬಿಡತೈತಿ, ಆದ್ರ ಲೈನರ್ ಸೀಳತೈತಿ” ಎಂದರು. ಪಿಸ್ಟನ್ ಬಿಟ್ಟ ಮೇಲೆ ಹಳೆಯ ಎಣ್ಣೆ ತೆಗೆದು ಹೊಸದು ಹಾಕಿದರು, ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಉಜ್ಜಿ ಕೂಡಿಸಿದರು, ನಾಝಲ್ ತೊಳೆದು ಡೀಸೆಲ್ ಮಂಜಿನಂತೆ ಸಿಡಿಯುತ್ತದೆಯೇ ಎಂದು ನೋಡಿದರು. ಡೀಸೆಲ್ ಪೈಪಿನೊಳಗಿನ ಗಾಳಿಯನ್ನೂ ಹೊರಗೆ ಬಿಟ್ಟರು.

ಪೆಟ್ರೋಲ್ ಎಂಜಿನ್‌ನಂತೆ ಇದಕ್ಕೆ ಕಿಡಿ ಕೊಡುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಎಷ್ಟು ಕಾಯುತ್ತದೆ ಎಂದರೆ ಸಿಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಒತ್ತಡ ಸೋರಿದರೆ ಎಂಜಿನ್ ಇಲ್ಲ. ರಿಂಗ್, ವಾಲ್ವ್, ಗ್ಯಾಸ್ಕೆಟ್ ಎಂದು ಮಿಸ್ತ್ರಿಗಳು ಬಡಿದಾಡುವುದು ಇದಕ್ಕೇ. ಈ ತತ್ವದ ಎಂಜಿನ್ನನ್ನು ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದರು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ದೊಡ್ಡ ಹಡಗು ಡೀಸೆಲ್ ಎಂಜಿನ್‌ನಿಂದಲೇ ಸಮುದ್ರ ದಾಟಿತು. ಮರುವರ್ಷ ಡೀಸೆಲ್ ಅವರು ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಾಣೆಯಾಗಿ ತೀರಿಕೊಂಡರು. ಆ ಹಡಗು ಉಗಿಯದು.

ಹೆಡ್ ಬಿಚ್ಚಿದಾಗ ಅದರಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಎಂಜಿನ್ ನಡೆಯಿತು, ಬಿರುಕು ಹೊರಗೆ ಕಾಣುವಂಥದ್ದಲ್ಲ. ಮಾಮೂ ಮೀನುಗಾರರನ್ನು ಕರೆದು ತೋರಿಸಿದರು. 18,000ಕ್ಕೆ ಆಗಿದ್ದ ಮಾತು 15,000ಕ್ಕೆ ಇಳಿಯಿತು. 1930ರ ಸರಕು ಮಾರಾಟ ಕಾಯ್ದೆಯಲ್ಲಿ ಸಾಮಾನ್ಯವಾಗಿ ಕೊಳ್ಳುವವನೇ ನೋಡಿ ಕೊಳ್ಳಬೇಕು. ನಮ್ಮ ಶರೀಅತ್ತಿನ ವ್ಯಾಪಾರ ನಿಯಮದಲ್ಲಿ ಮುಚ್ಚಿಟ್ಟ ದೋಷ ಆಮೇಲೆ ಸಿಕ್ಕರೆ ಸರಕು ಹಿಂದಿರುಗಿಸುವ ಹಕ್ಕಿದೆ. ಅದಕ್ಕೆ ‘ಖಿಯಾರ್-ಎ-ಐಬ್’ ಎನ್ನುತ್ತಾರೆ. ಮೂರು ಸಾವಿರ ಸಣ್ಣ ಮೊತ್ತವಲ್ಲ, ಮಾಮೀ ಎರಡು ದಿನ ಮಾತಾಡಲಿಲ್ಲ. ಆದರೆ ಹಿನ್ನೀರಿನ ನಡುವೆ ಹೆಡ್ ಸೀಳಿದರೆ ಬಾವಿಯ ಹಾಗೆ ನಡೆದು ಮನೆಗೆ ಬರಲಾಗುವುದಿಲ್ಲ.

ದೋಣಿಗೆ ಕೂಡಿಸುವುದು ಬೇರೆಯೇ ಕೆಲಸ. ಬಾವಿಯ ಹತ್ತಿರ ಎಂಜಿನ್ ಒಂದೇ ದಿಕ್ಕಿಗೆ ತಿರುಗಿದರೆ ಸಾಕು. ದೋಣಿಗೆ ಮುಂದೆ, ಹಿಂದೆ, ನಿಲ್ಲು ಮೂರೂ ಬೇಕು. ಅದಕ್ಕೆ ಗೇರ್ ಪೆಟ್ಟಿಗೆ. ಮುನ್ನೂರು ಕಿಲೋ ಭಾರ ದೋಣಿಯ ತಳದಲ್ಲಿ ನಡುಮಧ್ಯೆ ಕೂಡಬೇಕು, ಇಲ್ಲವಾದರೆ ದೋಣಿ ವಾಲುತ್ತದೆ. ಎಂಜಿನ್ ಮತ್ತು ಪಂಖದ ಶಾಫ್ಟ್ ಒಂದೇ ಗೆರೆಯಲ್ಲಿರಬೇಕು, ತುಸು ಓರೆಯಾದರೂ ನಡುಗಿ ಬೇರಿಂಗ್ ಹಾಳಾಗುತ್ತದೆ. ಎಂಜಿನ್ ಕೂಡಿಸಿದ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ನೋಂದಣಿಯೂ ಬೇಕು.

ಈಗ ಮೀನುಗಾರರ ಪುಸ್ತಕ ಬರೆಯೋಣ. 15,000 ನಿಜವಾದ ಅಂಕಿ. ಉಳಿದವು ಲೆಕ್ಕಕ್ಕಾಗಿ ನಾನು ಹಿಡಿದವು, ಬಜಾರಿನ ದರವೆಂದು ತಿಳಿಯಬೇಡಿ. ಹೊಸ ಹೆಡ್, ಲೈನರ್, ರಿಂಗ್ 9,000. ನಾಝಲ್ ಮತ್ತು ಪಂಪ್ 3,000. ಮಿಸ್ತ್ರಿ ಕೂಲಿ 5,000. ಅರಕೇರಿಯಿಂದ ಟೆಂಪೋ ಬಾಡಿಗೆ 2,000. ಗೇರ್ ಪೆಟ್ಟಿಗೆ, ಶಾಫ್ಟ್, ಪಂಖ, ಜೋಡಣೆ 26,000. ಒಟ್ಟು 60,000. ‘ದುರಸ್ತಿ’ ಎಂಬ ಶಬ್ದ ಕಂಡ ಕೂಡಲೇ ಲಾಭ-ನಷ್ಟ ಖಾತೆಗೆ ಹಾಕುವ ಅಭ್ಯಾಸ ನಮ್ಮ ಕ್ಲಾಸಿನಲ್ಲಿ ಬಹಳ ಜನರಿಗಿದೆ. ಹಾಗಲ್ಲ. ಆಸ್ತಿ ಮೊದಲ ಸಲ ಕೆಲಸಕ್ಕೆ ಸಿದ್ಧವಾಗುವವರೆಗಿನ ಅಗತ್ಯ ಖರ್ಚೆಲ್ಲ ಬಂಡವಾಳ ವೆಚ್ಚ. ಪರೀಕ್ಷೆಗೆ ಓಡಿಸಿ ನೋಡಿದ ಡೀಸೆಲ್ ಕೂಡ. ಮೀನು ಹಿಡಿಯಲು ಹೊರಟ ದಿನದಿಂದ ಡೀಸೆಲ್, ಎಣ್ಣೆ, ಮುಂದಿನ ವರ್ಷದ ಗ್ಯಾಸ್ಕೆಟ್ ಎಲ್ಲ ಆ ವರ್ಷದ ರೆವೆನ್ಯೂ ವೆಚ್ಚ. ಟೆಂಪೋದಿಂದ ಇಳಿಸುವಾಗ ಕೈಜಾರಿ ಗಾಲಿ ಒಡೆದರೆ ಅದು ಎಂಜಿನ್ನಿನ ಬೆಲೆಗೆ ಸೇರದು, ನಷ್ಟ.

ಇದೇ ಎಂಜಿನ್ನನ್ನು ಮಿಸ್ತ್ರಿ ತಾನೇ ಕೊಂಡು, ದುರಸ್ತಿ ಮಾಡಿ ಮಾರಲು ಅಂಗಡಿಯಲ್ಲಿಟ್ಟಿದ್ದರೆ ಅದು ಸ್ಥಿರ ಆಸ್ತಿ ಅಲ್ಲ, ದಾಸ್ತಾನು, ಸವಕಳಿ ಇಲ್ಲ. ಝಕಾತಿನ ಲೆಕ್ಕದಲ್ಲೂ ಈ ಭೇದ ಇದೆ. ದುಡಿಮೆಗೆ ಬಳಸುವ ಉಪಕರಣದ ಮೇಲೆ ಝಕಾತ್ ಇಲ್ಲ, ಮಾರಲೆಂದು ಕೊಂಡಿಟ್ಟ ಸರಕಿನ ಮೇಲೆ ಇದೆ ಎಂಬುದು ಬಹುಪಾಲು ಆಲಿಮರ ಅಭಿಪ್ರಾಯ. ಕಬ್ಬಿಣ ಒಂದೇ, ನಿಯ್ಯತ್ ಬೇರೆ.

ಎಂಜಿನ್ 8 ವರ್ಷ ಬಾಳಿ ಕೊನೆಗೆ ಗುಜರಿ ಬೆಲೆ 12,000 ಬರುತ್ತದೆ ಎಂದುಕೊಂಡರೆ, ಸಮಕಂತು ಪದ್ಧತಿಯಲ್ಲಿ 48,000ವನ್ನು 8ರಿಂದ ಭಾಗಿಸಿ ವರ್ಷಕ್ಕೆ 6,000 ಸವಕಳಿ. ಇಳಿಮುಖ ಶೇಷ ಪದ್ಧತಿಯಲ್ಲಿ ಶೇಕಡಾ 15 ಹಿಡಿದರೆ ಮೊದಲ ವರ್ಷ 9,000, ಎರಡನೇ ವರ್ಷ 7,650, ಮೂರನೇ ವರ್ಷ 6,502.50. ಮೂರು ವರ್ಷದ ಕೊನೆಗೆ ಅವರು ಎಂಜಿನ್ನನ್ನು ಎಲ್ಲ ಜೋಡಣೆ ಸಮೇತ 38,000ಕ್ಕೆ ಮಾರಿದರು ಅನ್ನೋಣ. ಮೊದಲ ಪದ್ಧತಿಯಲ್ಲಿ ಪುಸ್ತಕ ಬೆಲೆ 42,000, ಆದ್ದರಿಂದ 4,000 ನಷ್ಟ. ಎರಡನೆಯದರಲ್ಲಿ ಪುಸ್ತಕ ಬೆಲೆ 36,847.50, ಆದ್ದರಿಂದ 1,152.50 ಲಾಭ. ಇದನ್ನು ಮಾಮೂ ಅವರಿಗೆ ಓದಿ ಹೇಳಿದೆ. “ಜೇಬಿಗೆ ಬಂದದ್ದು ಎರಡರಲ್ಲೂ ಮೂವತ್ತೆಂಟು ಸಾವಿರವೇ ತಾನೆ?” ಎಂದು ಕೇಳಿದರು. ಹೌದು, ಅಷ್ಟೇ.