ನಿಲ್ಲಬೇಕಾದಲ್ಲಿ ನಿಲ್ಲುವ ಕಿರಣ

ನನ್ನ ಸೋದರಮಾವ ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು. ಹೋದ ವರ್ಷ ಅವರಿಗೆ ಒಂದು ನೋಟು ಎರಡಾಗಿ ಕಾಣತೊಡಗಿತು. ಕಣ್ಣಿನ ಡಾಕ್ಟರರು ತಲೆಯ ಸ್ಕ್ಯಾನ್ ಮಾಡಿಸಿದರು. ಕಣ್ಣಿನಲ್ಲಿ ದೋಷವಿರಲಿಲ್ಲ, ತಲೆಬುರುಡೆಯ ತಳದ ಎಲುಬಿನಲ್ಲಿ 'ಕಾರ್ಡೋಮಾ' ಎಂಬ ಗಡ್ಡೆ ಬೆಳೆದು, ಕಣ್ಣು ಹೊರಳಿಸುವ ನರವನ್ನು ಒತ್ತುತ್ತಿತ್ತು.

ಪ್ರೋಟಾನ್ ಚಿಕಿತ್ಸೆ ಎಂಬ ಮಾತು ಕೇಳಿದ್ದು ಆವಾಗಲೇ. ನಾನು ಕಾಮರ್ಸಿನವನು. ಕೇಳಿ, ಓದಿ ತಿಳಿದದ್ದನ್ನು ಬರೆಯುತ್ತಿದ್ದೇನೆ. ವಿಜ್ಞಾನದ ಮಿತ್ರರು ತಪ್ಪಿದ್ದರೆ ತಿದ್ದಬೇಕು.

ಕಾರ್ಡೋಮಾ ನಿಧಾನವಾಗಿ ಬೆಳೆಯುವ ಗಡ್ಡೆ, ಆದರೆ ಹಟಮಾರಿ. ಮೂಗಿನ ದಾರಿಯಿಂದ ಶಸ್ತ್ರಕ್ರಿಯೆ ಮಾಡಿ ತೆಗೆದರೂ ಚೂರು ಉಳಿದರೆ ಅಲ್ಲೇ ಮತ್ತೆ ಚಿಗುರುತ್ತದೆ. ಆ ಚೂರನ್ನು ಸುಡಲು ೭೦ 'ಗ್ರೇ'ಗೂ ಹೆಚ್ಚು ಕಿರಣ ಬೇಕು. ಪಕ್ಕದಲ್ಲೇ ಇರುವ ದೃಷ್ಟಿನರ, ಮಿದುಳಿನ ಕಾಂಡ ತಾಳುವುದು ಸುಮಾರು ೫೫ರಷ್ಟು ಮಾತ್ರ. ನಡುವಿನ ಅಂತರ ಕೆಲವೇ ಮಿಲಿಮೀಟರ್. ಕಷ್ಟವಿರುವುದು ಇಲ್ಲೇ.

ಮಾಮೂಲಿ 'ಕರೆಂಟು ಕೊಡುವುದು' ಅಂತೀವಲ್ಲ, ಆ ಕ್ಷ-ಕಿರಣ ನಮ್ಮ ಸ್ಲೋ ಲೋಕಲ್ ಇದ್ದ ಹಾಗೆ. ದಾರಿಯುದ್ದಕ್ಕೂ ಜನರನ್ನು ಇಳಿಸುತ್ತಾ, ಗಡ್ಡೆಯೆಂಬ ಸ್ಟೇಷನ್ ದಾಟಿ ಮುಂದೆಯೂ ಇಳಿಸುತ್ತಾ ಹೋಗುತ್ತದೆ. ಪ್ರೋಟಾನ್ ಹಾಗಲ್ಲ. ಜೋರಾಗಿ ಓಡುವಾಗ ಅದು ದಾರಿಯಲ್ಲಿ ಕಳಕೊಳ್ಳುವ ಶಕ್ತಿ ಕಡಿಮೆ. ವೇಗ ತಗ್ಗಿದಂತೆಲ್ಲ ಹೆಚ್ಚು. ಕೊನೆಯ ಸ್ಟೇಷನ್ನಿನಲ್ಲಿ ಗಾಡಿ ಪೂರಾ ಖಾಲಿ, ಅಲ್ಲಿಂದಾಚೆ ಹಳಿಯೇ ಇಲ್ಲ! ಈ ಕೊನೆಯ ಸ್ಟೇಷನ್ ಎಲ್ಲಿರಬೇಕೆಂಬುದನ್ನು ಹೊರಡುವಾಗಿನ ವೇಗವೇ ನಿರ್ಧರಿಸುತ್ತದೆ. ೭೦ ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನಲ್ಲಿ ಬಿಟ್ಟರೆ ನೀರಿನಲ್ಲಿ ೪ ಸೆಂಟಿಮೀಟರ್, ೨೩೦ರಲ್ಲಿ ಸುಮಾರು ೩೩. ಬೇರೆ ಬೇರೆ ವೇಗಗಳನ್ನು ಬೆರೆಸಿದರೆ ಇಡೀ ಗಡ್ಡೆಯನ್ನು ಆವರಿಸಬಹುದು.

ಹೀಗೆ ಚಿಕಿತ್ಸೆ ಮಾಡಬಹುದೆಂದು ರಾಬರ್ಟ್ ವಿಲ್ಸನ್ ೧೯೪೬ರಲ್ಲಿ ಬರೆದರು. ೧೯೫೪ರಲ್ಲಿ ಬರ್ಕ್ಲಿಯಲ್ಲಿ ಮೊದಲು ಮಾಡಿ ನೋಡಿದರು. ನಮ್ಮ ದೇಶಕ್ಕೆ ಬಂದದ್ದು ೨೦೧೯ರಲ್ಲಿ, ಚೆನ್ನೈಗೆ. ಮುಂಬಯಿಯವರಿಗೆ ಹತ್ತಿರದ್ದೆಂದರೆ ಹಾರ್ಬರ್ ಲೈನಿನ ಖಾರ್ಘರ್. ಅಲ್ಲಿ ಟಾಟಾ ಮೆಮೋರಿಯಲ್ ಸೆಂಟರಿನ 'ಆಕ್ಟ್ರೆಕ್' ೨೦೨೩ರಲ್ಲಿ ಇದನ್ನು ಶುರುಮಾಡಿತು. ರೋಗಿಯ ಸುತ್ತ ತಿರುಗುವ ಭಾರೀ ಯಂತ್ರವಿರುವ ಕೋಣೆಗಳು ಮೂರು.

ಆದರೆ ಥಟ್ಟನೆ ನಿಲ್ಲುವ ಈ ಗುಣವೇ ಅಪಾಯವೂ ಹೌದು. ನೆಗಡಿಯಾಗಿ ಮೂಗಿನ ಪಕ್ಕದ ಟೊಳ್ಳುಗಳು ತುಂಬಿಕೊಂಡರೆ ಸಾಕು, ಗಾಳಿಯಿದ್ದಲ್ಲಿ ನೀರು ಬಂದು ಕಿರಣ ಮೊದಲೇ ನಿಂತುಬಿಡುತ್ತದೆ. ಅದಕ್ಕೇ ನಡುನಡುವೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ತಲೆ ಅಲ್ಲಾಡದಂತೆ ಮುಖಕ್ಕೆ ಬಲೆಯಂಥ ಪ್ಲಾಸ್ಟಿಕ್ ಮುಖವಾಡ ಬಿಗಿಯುತ್ತಾರೆ. ಕಿರಣದ ತುದಿಯನ್ನು ನೇರ ಮಿದುಳಿನ ಕಾಂಡದ ಮೇಲೇ ನಿಲ್ಲಿಸುವ ಧೈರ್ಯವನ್ನೂ ಮಾಡುವುದಿಲ್ಲ.

ಎಲ್ಲ ಗಡ್ಡೆಗೂ ಇದೇ ಬೇಕೆನ್ನುವುದು ತಪ್ಪು. ಹಲವು ಕಡೆ ಕ್ಷ-ಕಿರಣವೇ ಸಾಕು, ಖರ್ಚೂ ಕಡಿಮೆ. ಯಂತ್ರಗಳು ಬೆರಳೆಣಿಕೆಯಷ್ಟಿರುವಾಗ ಮಕ್ಕಳಿಗೆ, ಬುರುಡೆಯ ತಳದ ಇಂಥ ಗಡ್ಡೆಗಳಿಗೆ ಮೊದಲ ಸರದಿ ಸಿಗಬೇಕೆಂಬುದು ನನ್ನ ಲೆಕ್ಕ.

ಮಾವನಿಗೆ ಏಳು ವಾರ ನಡೆಯಿತು. ಮುಖವಾಡವನ್ನು ಮನೆಗೆ ತಂದು ಗೋಡೆಯ ಮೊಳೆಗೆ ನೇತುಹಾಕಿದ್ದಾರೆ. ಅತ್ತೆಗೆ ಅದು ಸರಿಬರುವುದಿಲ್ಲ. ಗಡ್ಡೆ ಸದ್ಯ ಬೆಳೆದಿಲ್ಲ. ಎರಡೆರಡಾಗಿ ಕಾಣುವುದು ಪೂರ್ತಿ ಹೋಗಿಲ್ಲ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಗಲ್ಲಾದ ಮೇಲೆ ಕೂರುತ್ತಿದ್ದಾರೆ.