ಕರಿಜೀರಿಗೆ ಎಣ್ಣೆ: ಕುಡಿಯುವ ಮುನ್ನ ತಿಳಿದಿರಲಿ

ಸಕ್ಕರೆ ಕಾಯಿಲೆ, ಬಿಪಿ, ಉಬ್ಬಸ ಇರುವವರು ಕರಿಜೀರಿಗೆ ಎಣ್ಣೆಯ ಬಗ್ಗೆ ವಿಚಾರಿಸುವುದು ಹೆಚ್ಚಾಗಿದೆ. ಪ್ರಯೋಜನ ಇಲ್ಲದಿಲ್ಲ, ಆದರೆ ಅದು ಚಿಕ್ಕದು. ಅದನ್ನು ಪಡೆಯುವುದಕ್ಕೂ ಒಂದು ಕ್ರಮವಿದೆ.

ಕಲೋಂಜಿ ಎಂದೂ ಕರೆಯುವ ಈ ಬೀಜದ ಮುಖ್ಯ ಸತ್ವ ಥೈಮೋಕ್ವಿನೋನ್. ಸೌದಿ ಅರೇಬಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾತ್ರೆಗಳ ಜೊತೆಗೆ ದಿನಕ್ಕೆ 2 ಗ್ರಾಂ ಬೀಜದ ಪುಡಿ ಸೇವಿಸಿದ ಮಧುಮೇಹಿಗಳ ಸಕ್ಕರೆ 12 ವಾರಗಳಲ್ಲಿ ಇಳಿದಿತ್ತು. 'ಜೊತೆಗೆ' ಎಂಬುದನ್ನು ಗಮನಿಸಿ. ಯಾರೂ ಮಾತ್ರೆ ಬಿಟ್ಟಿರಲಿಲ್ಲ. ರಕ್ತದೊತ್ತಡದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೇಲಿನ ಅಂಕಿ ಸರಾಸರಿ 3ರಷ್ಟು ಮಾತ್ರ ತಗ್ಗಿದೆ. ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವವರ ಮಾತು ನಂಬಿ ಚಿಕಿತ್ಸೆ ತಡಮಾಡಬೇಡಿ.

ಮೊದಲ ಹೆಜ್ಜೆ ವೈದ್ಯರ ಬಳಿಗೆ. ನೀವು ನುಂಗುವ ಮಾತ್ರೆಗಳ ಚೀಟಿ ಒಯ್ಯಿರಿ. ಸಕ್ಕರೆ, ಬಿಪಿ ಮಾತ್ರೆಗಳ ಮೇಲೆ ಈ ಎಣ್ಣೆಯೂ ಸೇರಿದರೆ ಅಂಕಿಗಳು ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಔಷಧಿ ಇದ್ದರೆ ರಕ್ತಸ್ರಾವದ ಅಪಾಯವಿದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರು ಒಪ್ಪದೆ ಮುಟ್ಟುವುದೇ ಬೇಡ. ಗರ್ಭಿಣಿಯರಿಗೆ ಒಗ್ಗರಣೆಯ ಚಿಟಿಕೆ ಬೀಜ ಸರಿ, ಎಣ್ಣೆ ಬೇಡ. ಇದೇ ಭೇಟಿಯಲ್ಲಿ ರಕ್ತಪರೀಕ್ಷೆ ಮಾಡಿಸಿಟ್ಟುಕೊಳ್ಳಿ, ಇಲ್ಲವಾದರೆ ಮುಂದೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಗ್ರಂಧಿಗೆ ಅಂಗಡಿಯಿಂದ ಬೀಜ ತಂದು ಗಾಣದಲ್ಲಿ ಆಡಿಸುವವರು ಬೀಜವನ್ನು ಅಂಗೈಯಲ್ಲಿಟ್ಟು ನೋಡಬೇಕು. ಕರಿಜೀರಿಗೆ ಕಡುಕಪ್ಪು, ಮೂರು ಮೂಲೆಯ ಪುಟ್ಟ ಕಾಳು. ಉಜ್ಜಿದರೆ ಘಾಟು ವಾಸನೆ. ಉದ್ದಕ್ಕೆ ಗೆರೆಗಳಿರುವ ಕಂದು ಕಾಳು ಕಾಡುಜೀರಿಗೆ. ಅದು ಬೇರೆಯೇ ಗಿಡದ್ದು, ಗುಣವೂ ಬೇರೆ. ಬಾಟಲಿಯನ್ನೇ ಕೊಳ್ಳುವುದಾದರೆ ಗಾಢ ಬಣ್ಣದ ಗಾಜಿನದು, ಬಿಸಿಮಾಡದೆ ತೆಗೆದದ್ದು, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಮತ್ತು ತಯಾರಿಕೆ ದಿನಾಂಕ ಇರುವುದೇ ಆಗಲಿ. ಬೇರೆ ಎಣ್ಣೆ ಬೆರೆತಿದೆಯೇ ಎಂದು ಚೀಟಿ ಪೂರ್ತಿ ಓದಿ.

ವೈದ್ಯರು ಒಪ್ಪಿದರೆ ಅರ್ಧ ಟೀ ಚಮಚದಿಂದ ಶುರುಮಾಡಿ, ಊಟದ ನಂತರ. ಬರಿಹೊಟ್ಟೆಯಲ್ಲಿ ಕುಡಿದರೆ ಹೊಟ್ಟೆ ಉರಿ, ವಾಕರಿಕೆ ಬರಬಹುದು. ಕಹಿ ತಡೆಯದಿದ್ದರೆ ಸಕ್ಕರೆ ಕಾಯಿಲೆ ಇಲ್ಲದವರು ಜೇನು ಬೆರೆಸಬಹುದು. ಅಧ್ಯಯನಗಳಲ್ಲಿ ದಿನಕ್ಕೆ ಒಂದು ಟೀ ಚಮಚದಷ್ಟು, ಅಂದರೆ 5 ಮಿ.ಲೀ. ಎಣ್ಣೆ ಕೊಟ್ಟ ಉದಾಹರಣೆ ಇದೆ, ಅದನ್ನು ಮೀರಬೇಡಿ. ಇದನ್ನು ಒಗ್ಗರಣೆಗೆ ಕಾಯಿಸಬಾರದು.

ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಅಂಕಿ ಕದಲದಿದ್ದರೆ ಆ ಹಣದಲ್ಲಿ ಸೊಪ್ಪು, ಕಾಳು ಕೊಳ್ಳುವುದು ಮೇಲು. ಮೈಮೇಲೆ ದದ್ದು ಎದ್ದರೆ ಅಂದೇ ನಿಲ್ಲಿಸಿ. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಎರಡು ವಾರ ಮೊದಲೇ ಬಿಟ್ಟು, ಅರಿವಳಿಕೆ ಕೊಡುವ ವೈದ್ಯರಿಗೂ ಹೇಳಿ.